ತಲಪರಿಗೆಯ ಸಾಕ್ಷ್ಯ

ಮೈಸೂರು ಸಂಸ್ಥಾನದ ಗ್ಯಾಸೆಟಿಯರನ್ನು ರಚಿಸಿದ ಬೆಂಜಮಿನ್ ಲೂಯಿ ರೈಸ್ ಮಹಾಶಯರು ಸಂಸ್ಥಾನದ ನದಿಗಳನ್ನೂ ಕೆರೆಗಳನ್ನೂ ಕಾಲುವೆಗಳನ್ನೂ ಒಂದೊಂದಾಗಿ ವರ್ಣಿಸುತ್ತ ಬಂದು, ಈಶಾನ್ಯದ ಗಡಿಸೀಮೆಯನ್ನು ತಲುಪಿದಾಗ, ಅಲ್ಲಿನ ಒಂದು ವಿಶೇಷವನ್ನು ಪ್ರತ್ಯೇಕವಾಗಿ ಹೆಸರಿಸಿ ಹೇಳಿದ್ದಾರೆ. ಕೊರಟಗೆರೆಯಿಂದ ಹಿರಿಯೂರಿಗೆ, ಅಲ್ಲಿಂದ ಮೊಳಕಾಲ್ಮೂರಿಗೆ ಒಂದು ಗೆರೆಯನ್ನೆಳೆದರೆ ಅದರ ಮೂಡಲಿಗೆ ಹಬ್ಬಿದ ಪ್ರದೇಶದಲ್ಲೆಲ್ಲ ‘ತಲಪರಿಗೆ’ ಎಂಬ ಒರತೆಗಳುಂಟೆಂದೂ, ದಕ್ಷಿಣಭಾಗದ ಮರಳುಮಣ್ಣಿನಲ್ಲಿ ಅವನ್ನು ಅಷ್ಟಷ್ಟು ದೂರಕ್ಕೆ ಒಂದೊಂದರಂತೆ ತೋಡಬಹುದೆಂದೂ, ನೀರು ನೆಲದ ಮಟ್ಟಕ್ಕೆ ಸಮೀಪವಾಗಿಯೇ ಏರಿಬರುವುದೆಂದೂ, ಉತ್ತರಕ್ಕೆ ಹೋದಂತೆಲ್ಲ ಈ ಸಮೃದ್ಧಿ ಕಡಮೆಯಾಗಿ ಪಾವಗಡದಲ್ಲಿ ಮೆತ್ತನೆಯ ಕಲ್ಲಿನ ಪದರವನ್ನು ಕಡಿದ ಬಳಿಕ ನೀರು ದೊರೆಯುವುದೆಂದೂ ಅವರ ವಿವರಣೆಯ ತಾತ್ಪರ್ಯ. ಆ ಗ್ರಂಥದ ಪರಿಷ್ಕೃತ ಮುದ್ರಣ ಹೊರಬಂದದ್ದು 1897ರಲ್ಲಿ.

ಆ ಗೆರೆಯ ತೆಂಕಣ ತುದಿಗೆ ಕೊರಟಗೆರೆ. ಅದೇ ತಾಲ್ಲೂಕಿಗೆ ಸೇರಿದ ತೋವಿನಕೆರೆಯ ಆಸುಪಾಸಿನಲ್ಲಿ ಇಂದು ಯಾರೊಡನೆಯಾದರೂ ನೀರಿನ ಮಾತೆತ್ತಿದರೆ ಕೇಳಿಬರುವ ಲೆಕ್ಕವೇ ಬೇರೆ. ಎಷ್ಟು ಅಡಿ ಕೊರೆಸಿದಿರಿ, ಎಷ್ಟು ಇಂಚು ನೀರು ಬಂತು, ಎಷ್ಟು ದಿವಸ ನಿಂತಿತು ಎಂಬ ಮೂರು ಪ್ರಶ್ನೆಗಳಲ್ಲಿ ಆ ಸಂಭಾಷಣೆ ಮುಗಿದುಹೋಗುವುದು. ಗುದ್ದಲಿಯ ಮೊನೆ ತಾಗಿದರೆ ಒಸರುತ್ತಿದ್ದ ನೆಲದಲ್ಲಿ ಈಗ ಎಂಟುನೂರು ಅಡಿ, ಸಾವಿರ ಅಡಿ ಎಂಬ ಸಂಖ್ಯೆಗಳು ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. ಕಲ್ಲು ಅದೇ ಕಲ್ಲು, ಬೆಟ್ಟ ಅದೇ ಬೆಟ್ಟ. ಮೇಲಿನಿಂದ ಬಿದ್ದ ನೀರಿಗೂ ಕೆಳಗಿನಿಂದ ಒಸರುವ ನೀರಿಗೂ ನಡುವೆ ಇದ್ದ ದಾರಿಯೊಂದು ಕಟ್ಟಿಹೋಗಿದೆ. ಆ ದಾರಿ ಎಂಥದು, ಅದನ್ನು ಮತ್ತೆ ತೆರೆಯಲು ಗುದ್ದಲಿ, ಬುಟ್ಟಿ, ಕಲ್ಲು, ಹುಲ್ಲುಗಳಷ್ಟೇ ಸಾಧನವಾದ ಮಣ್ಣುಗೆಲಸ ಹೇಗೆ ಸಹಾಯಕವಾದೀತು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ಈ ನಾಲ್ಕು ತಾಲ್ಲೂಕುಗಳಲ್ಲಿ ಎತ್ತ ತಿರುಗಿದರೂ ಕಣ್ಣಿಗೆ ಬೀಳುವುದು ಕಲ್ಲುಬೆಟ್ಟ. ಏಕಶಿಲೆಯೆಂದು ಪ್ರಸಿದ್ಧವಾದ ಮಧುಗಿರಿಯ ದುರ್ಗ, ಗಿಡಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟ, ಚನ್ನರಾಯನದುರ್ಗ, ಮಿಡಿಗೇಶಿ, ನಿಡಗಲ್ಲು, ಪಾವಗಡ ಮೊದಲಾದುವು ಬಯಲಿನ ನಡುವೆ ಥಟ್ಟನೆ ಎದ್ದು ನಿಂತಿವೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ ಮಧುಗಿರಿಗಳ ನೆಲವನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವುದಾದರೂ, ವರ್ಷದ ಬಹುಕಾಲ ಅದರ ಪಾತ್ರದಲ್ಲಿ ಕಾಣುವುದು ಬರಿಯ ಮರಳು. ಈ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 500ರಿಂದ 700 ಮಿಲಿಮೀಟರು. ಪಾವಗಡದ ಕಡೆ ಕಡಮೆ, ಕೊರಟಗೆರೆಯ ಕಡೆ ತುಸು ಹೆಚ್ಚು. ಮುಂಗಾರಿನ ಮೋಡಗಳು ಪಶ್ಚಿಮಘಟ್ಟದಲ್ಲಿ ತಮ್ಮ ಭಾರವನ್ನಿಳಿಸಿ ಬರಿದಾಗಿ ಬರುವುದರಿಂದ, ಇಲ್ಲಿನ ರೈತನು ನಂಬಿ ಕುಳಿತುಕೊಳ್ಳುವುದು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳನ್ನು. ಬಂದರೆ ಒಂದೇ ಸಂಜೆ ಹಳ್ಳಗಳೆಲ್ಲ ಕೆಂಪು ನೀರಿನಿಂದ ಉಕ್ಕುವಂತೆ ಬರುವುದು, ಬಾರದಿದ್ದರೆ ತಿಂಗಳುಗಟ್ಟಲೆ ಬಾರದಿರುವುದು, ಇದು ಇಲ್ಲಿನ ಮಳೆಯ ಸ್ವಭಾವ.

ಬೆಟ್ಟದ ಬೋಳುಬಂಡೆಯ ಮೇಲೆ ಬಿದ್ದ ಹನಿಯು, ಮನೆಯ ಮಾಳಿಗೆಯ ಮೇಲೆ ಬಿದ್ದ ಹನಿಯಂತೆ, ಅಲ್ಲಿ ನಿಲ್ಲದೆ ಜಾರುವುದು. ಜಾರಿದ ನೀರು ಬೆಟ್ಟದ ಬುಡವನ್ನು ಮುಟ್ಟಿದಾಗ, ಯುಗಯುಗಗಳಿಂದ ಬಿಸಿಲು ಮಳೆಗಳಿಗೆ ಶಿಲೆ ಸವೆದು ಪುಡಿಯಾಗಿ ಶೇಖರವಾದ ಗರಸು ಮತ್ತು ಮರಳುಮಣ್ಣಿನ ಪದರವು ಅದನ್ನು ಹೀರಿಕೊಳ್ಳುವುದು. ಈ ಪದರದ ಅಡಿಯಲ್ಲಿ ಗಟ್ಟಿಕಲ್ಲು. ಹೀರಿಕೊಂಡ ನೀರು ಆ ಕಲ್ಲನ್ನು ಸುಲಭವಾಗಿ ಭೇದಿಸಲಾರದೆ, ಅದರ ಬೆನ್ನಿನ ಮೇಲೆಯೇ ಇಳಿಜಾರಿನ ಉದ್ದಕ್ಕೂ, ದಿನಕ್ಕೆ ಕೆಲವೇ ಗೇಣುಗಳ ವೇಗದಲ್ಲಿಯೋ ಎಂಬಂತೆ ಮೆಲ್ಲಮೆಲ್ಲನೆ ಸರಿದು, ಕಣಿವೆಯ ತಗ್ಗಿನಲ್ಲಿ, ಹಳ್ಳದ ದಂಡೆಯಲ್ಲಿ, ಕೆರೆಯಂಗಳದ ಅಂಚಿನಲ್ಲಿ ಮೇಲಕ್ಕೆ ಒಸರುವುದು. ಅಲ್ಲಿ ಗುಂಡಿಯನ್ನು ತೋಡಿ, ಅಕ್ಕಪಕ್ಕಕ್ಕೆ ಕಲ್ಲು ಕಟ್ಟಿ, ಒಸರಿದ ನೀರು ತಾನಾಗಿ ಹರಿಯುವಂತೆ ಕಿರುಗಾಲುವೆ ತೆಗೆದು, ಕೆಳಗಿನ ಒಂದು ಕಟ್ಟೆಯಲ್ಲಿ ಅದನ್ನು ತುಂಬಿಸಿಕೊಂಡು ಗದ್ದೆ ತೋಟಗಳಿಗೆ ಹಾಯಿಸುವ ಏರ್ಪಾಡಿಗೆ ತಲಪರಿಗೆಯೆಂದು ಹೆಸರು. ಯಂತ್ರ ಬೇಡ, ಎಣ್ಣೆ ಬೇಡ, ಕರೆಂಟು ಬೇಡ; ಇಳಿಜಾರೊಂದೇ ಅದರ ಶಕ್ತಿ. ಅಚ್ಚುಕಟ್ಟಿನ ರೈತರು ಸರದಿಯ ಮೇಲೆ ನೀರು ಕಟ್ಟಿಕೊಳ್ಳುವುದೂ, ವರ್ಷಕ್ಕೊಮ್ಮೆ ಮನೆಗೊಂದು ಆಳಿನಂತೆ ಸೇರಿ ತಲಪರಿಗೆಯ ಹೂಳನ್ನೆತ್ತಿ ಕಾಲುವೆಯನ್ನು ಸವರಿಕೊಳ್ಳುವುದೂ ವಾಡಿಕೆಯಾಗಿದ್ದಿತು. ತುಮಕೂರಿನ ಧಾನ್ಯ ಸಂಸ್ಥೆಯಂಥವರು ಈಚಿನ ವರ್ಷಗಳಲ್ಲಿ ಈ ನಾಲ್ಕು ತಾಲ್ಲೂಕುಗಳ ಊರುಗಳಲ್ಲಿ ತಿರುಗಾಡಿ, ಮರೆತುಹೋಗುತ್ತಿದ್ದ ತಲಪರಿಗೆಗಳನ್ನು ದಾಖಲಿಸಿ, ಜನರ ಗಮನವನ್ನು ಮತ್ತೆ ಅತ್ತ ಸೆಳೆದಿರುವರು.

ತಲಪರಿಗೆಯ ಮಹತ್ತ್ವ ಅದು ಕೊಡುವ ನೀರಿನಲ್ಲಿ ಮಾತ್ರ ಇಲ್ಲವೆಂದು ನನ್ನ ಭಾವನೆ. ಮೇಲಿನ ಇಳಿಜಾರಿನಲ್ಲಿ ಎಷ್ಟು ನೀರು ಇಂಗಿತೆಂಬುದಕ್ಕೆ ಕೆಳಗಿನ ನೆಲ ನುಡಿಯುವ ಸಾಕ್ಷ್ಯ ಅದು. ಬೆಟ್ಟದ ಮೇಲೆ ಮರವಿದ್ದರೆ, ಬುಡದಲ್ಲಿ ಹುಲ್ಲಿದ್ದರೆ, ಹೊಲಗಳಲ್ಲಿ ಬದುಗಳಿದ್ದರೆ, ಮಾಗಿ ಕಳೆದು ಶಿವರಾತ್ರಿ ದಾಟಿದರೂ ತಲಪರಿಗೆ ಹರಿಯುವುದು. ಇವು ಕೆಟ್ಟರೆ ಅದು ಮೊದಲು ಸೊರಗಿ, ಆಮೇಲೆ ಮೌನವಾಗುವುದು. ಸೊರಗಿದ್ದು ಎಲ್ಲರ ಕಣ್ಣಿಗೂ ಏಕಕಾಲದಲ್ಲಿ ಕಾಣುವುದರಿಂದ ಅದರ ಚಿಂತೆಯೂ ಊರಿನ ಚಿಂತೆಯೇ ಆಗುತ್ತಿದ್ದಿತು.

ಕೊಳವೆಬಾವಿ ಬಂದು ಈ ಸಾಕ್ಷಿಯ ಬಾಯನ್ನು ಕಟ್ಟಿತು. ಆರೆಂಟು ಅಂಗುಲ ಅಗಲದ ಆ ರಂಧ್ರದೊಳಗೆ ನಡೆಯುವುದು ಪಕ್ಕದ ಹೊಲದವನಿಗೆ ಕಾಣದು. ಮೊದಲು ಗರಸಿನ ಪದರದ ನೀರು ಬರಿದಾಯಿತು. ಅದರೊಂದಿಗೆ ತಲಪರಿಗೆಗಳೂ ತೆರೆದ ಬಾವಿಗಳೂ ಬತ್ತಿದುವು. ಅನಂತರ ಕಲ್ಲಿನ ಬಿರುಕುಗಳಲ್ಲಿ ಬಹುಕಾಲದಿಂದ ನಿಂತಿದ್ದ ನೀರಿಗೆ ಕೈಹಾಕಿದ್ದಾಯಿತು. ಒಬ್ಬನು ಐನೂರು ಅಡಿಗೆ ಹೋದರೆ ನೆರೆಯವನು ಆರುನೂರಕ್ಕೆ ಹೋಗಲೇಬೇಕಾದ ಪಂದ್ಯದಲ್ಲಿ, ಗೆದ್ದವನಿಗೂ ದೊರೆತದ್ದು ಬಹಳ ವೇಳೆ ದೋಷಯುಕ್ತವಾದ ನೀರು. ಗ್ರಾನೈಟು ಶಿಲೆಯೊಳಗೆ ದೀರ್ಘಕಾಲ ನಿಂತ ನೀರಿನಲ್ಲಿ ಫ್ಲೋರೈಡು ಕರಗಿ ಸೇರಿಕೊಳ್ಳುವುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಬಾರದೆಂಬುದು ನಿಯಮ. ಮೀರಿದ ನೀರನ್ನೇ ವರ್ಷಗಟ್ಟಲೆ ಕುಡಿದವರ ಹಲ್ಲಿನ ಮೇಲಣ ಕಂದುಗೆರೆಯನ್ನೂ, ಸೆಟೆದ ಕೀಲುಗಳನ್ನೂ ಪಾವಗಡದ ಹಳ್ಳಿಗಳು ಚೆನ್ನಾಗಿ ಬಲ್ಲುವು. ಅದೇ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆ ನೆಲವನ್ನು ರೈತರು ಗುತ್ತಿಗೆಗೆ ಕೊಟ್ಟು, 2018ರಲ್ಲಿ ಉದ್ಘಾಟನೆಗೊಂಡ ಸೌರವಿದ್ಯುತ್ ಸ್ಥಾವರಕ್ಕೆ ಬಿಟ್ಟುಕೊಟ್ಟದ್ದನ್ನು ನೋಡಿದರೆ, ಮಳೆಯ ಮೇಲಣ ಭರವಸೆ ಕಳೆದುಕೊಂಡ ಸೀಮೆಯೊಂದು ಬಿಸಿಲನ್ನೇ ಬೆಳೆಯಾಗಿ ಮಾಡಿಕೊಂಡಿತೆನ್ನಬೇಕು. ಇತ್ತ ಕೊರಟಗೆರೆಯ ಕಡೆಯವರು ಪಡುವಣ ಘಟ್ಟದಿಂದ ಎತ್ತಿನಹೊಳೆಯ ನೀರು ಬಂದೀತೆಂದು ಕಾದಿದ್ದಾರೆ. ಬರಲಿ, ಆದರೆ ನಮ್ಮದೇ ಆಕಾಶದಿಂದ ನಮ್ಮದೇ ಹೊಲಕ್ಕೆ ಬೀಳುವ ನೀರಿನ ಲೆಕ್ಕವನ್ನು ಮೊದಲು ಮಾಡಿ ನೋಡುವುದು ಉಚಿತ.

ಲೆಕ್ಕ ಸುಲಭವಾದದ್ದು. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ಒಂದು ಎಕರೆಯೆಂದರೆ 4,047 ಚದರ ಮೀಟರು. ಆದಕಾರಣ ಒಂದು ಅಂಗುಲದ, ಎಂದರೆ 25 ಮಿಲಿಮೀಟರಿನ ಒಂದು ಮಳೆಯು ಒಂದು ಎಕರೆಗೆ ಸುರಿಯುವ ನೀರು ಲಕ್ಷ ಲೀಟರಿಗೂ ತುಸು ಹೆಚ್ಚು. ವರ್ಷದಲ್ಲಿ 600 ಮಿಲಿಮೀಟರು ಬಿದ್ದರೆ 24 ಲಕ್ಷ ಲೀಟರಿಗೂ ಹೆಚ್ಚು. ಬರಗಾಲದ ಸೀಮೆಯೆಂದು ನಾವು ಹಳಿಯುವ ನೆಲದ ಒಂದೊಂದು ಎಕರೆಗೂ ಹತ್ತು ಸಾವಿರ ಲೀಟರಿನ ಇನ್ನೂರ ನಲವತ್ತು ಟ್ಯಾಂಕರುಗಳಷ್ಟು ನೀರು ಪ್ರತಿವರ್ಷವೂ ಬಿಟ್ಟಿಯಾಗಿ ಬಂದು ಇಳಿಯುವುದೆಂದಾಯಿತು. ಅದರಲ್ಲಿ ಬಿಸಿಲಿಗೆ ಆರುವುದೆಷ್ಟು, ಬೆಳೆ ಕುಡಿಯುವುದೆಷ್ಟು ಎಂಬುದನ್ನು ಕಳೆದರೂ, ನಾವು ತಡೆಯದೆ ಬಿಟ್ಟದ್ದರಿಂದ ಹಳ್ಳಕ್ಕೆ ಹೋಗುವ ಪಾಲು ಅಲ್ಪವಾದದ್ದಲ್ಲ.

ಹೋಗುವುದು ಬರಿಯ ನೀರಲ್ಲವೆಂಬುದು ಇನ್ನೂ ಗಂಭೀರವಾದ ಸಂಗತಿ. ಈ ಸೀಮೆಯ ಕೆಮ್ಮಣ್ಣಿಗೆ ಒಂದು ದುರ್ಬಲತೆಯುಂಟು. ಹೊದಿಕೆಯಿಲ್ಲದ ಹೊಲದ ಮೇಲೆ ದಪ್ಪ ಹನಿಗಳು ರಭಸದಿಂದ ಅಪ್ಪಳಿಸಿದಾಗ ಮಣ್ಣಿನ ಹೆಂಟೆಗಳು ಒಡೆದು, ನುಣ್ಣನೆಯ ಕಣಗಳು ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿ, ಮೇಲ್ಮೈಯಲ್ಲಿ ಸಗಣಿ ಸಾರಿಸಿದಂಥ ಒಂದು ಹೊಪ್ಪಳೆ ಕಟ್ಟುವುದು. ಆ ಮೇಲೆ ಬಿದ್ದ ನೀರಿಗೆ ಒಳಹೋಗಲು ಬಾಗಿಲಿಲ್ಲ, ಓಡುವುದೊಂದೇ ಮಾರ್ಗ. ಓಡುವ ನೀರಿನ ವೇಗ ಇಮ್ಮಡಿಯಾದರೆ ಅದು ಮಣ್ಣನ್ನು ಕೊರೆಯುವ ಶಕ್ತಿ ನಾಲ್ಮಡಿಯಾಗುವುದೆಂದೂ, ಕೊರೆದದ್ದನ್ನು ಹೊತ್ತೊಯ್ಯುವ ಸಾಮರ್ಥ್ಯ ಮೂವತ್ತೆರಡು ಮಡಿಯಾಗುವುದೆಂದೂ ಭೂಸಂರಕ್ಷಣಾಶಾಸ್ತ್ರದ ಪಠ್ಯಗಳು ಹೇಳುವುವು. ಹಾಗೆಯೇ ಈ ಸೂತ್ರವನ್ನು ತಿರುಗಿಸಿ ಓದಿದರೆ, ನೀರಿನ ವೇಗವನ್ನು ಅರ್ಧಕ್ಕೆ ಇಳಿಸಬಲ್ಲ ಒಂದು ಸಾಲು ಕಲ್ಲು, ಒಂದು ಗೇಣೆತ್ತರದ ಹುಲ್ಲಿನ ಸಾಲು ಎಷ್ಟು ಮಣ್ಣನ್ನು ಉಳಿಸೀತೆಂಬುದೂ ಅರ್ಥವಾಗುವುದು. ಓಡುವ ನೀರನ್ನು ನಡೆಯಿಸು, ನಡೆಯುವ ನೀರನ್ನು ನಿಲ್ಲಿಸು, ನಿಂತ ನೀರನ್ನು ಇಂಗಿಸು ಎಂದು ಜಲಾನಯನದ ಕೆಲಸ ಮಾಡುವವರು ಊರೂರಿನಲ್ಲಿ ಹೇಳುವ ಮಾತಿನಲ್ಲಿ ಈ ಶಾಸ್ತ್ರವೆಲ್ಲ ಅಡಗಿದೆ.

ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂಬುದರಲ್ಲಿಯೇ ಬಹುಮಂದಿ ತಪ್ಪುವರು. ನೀರು ಕಾಣುವುದು ಹಳ್ಳದಲ್ಲಿ; ಆದ್ದರಿಂದ ಮನಸ್ಸು ಹಳ್ಳಕ್ಕೆ ಅಡ್ಡಲಾಗಿ ಚೆಕ್ ಡ್ಯಾಂ ಕಟ್ಟುವುದರತ್ತ ಓಡುವುದು. ಮೇಲಿನ ಇಳಿಜಾರನ್ನು ಹಾಗೆಯೇ ಬಿಟ್ಟು ಹಳ್ಳದಲ್ಲಿ ಕಟ್ಟಿದ ತಡೆಯು ನಾಲ್ಕು ಮಳೆಗಾಲಗಳಲ್ಲಿ ಹೂಳು ತುಂಬಿ, ಸಿಮೆಂಟಿನ ಸ್ಮಾರಕವಾಗಿ ನಿಲ್ಲುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮಣ್ಣುಗೆಲಸ ನೆತ್ತಿಯಿಂದ ಪಾದಕ್ಕೆ ಇಳಿದು ಬರಬೇಕಾದದ್ದು. ನೀರು ಇನ್ನೂ ಎಳೆಯದಾಗಿ, ಬಲವಿಲ್ಲದೆ, ಬೆರಳಗಲ ಹರಿಯುತ್ತಿರುವಲ್ಲಿಯೇ ಅದನ್ನು ತಡೆಯುವುದು ಸುಲಭವೂ ಅಗ್ಗವೂ ಆದ ಉಪಾಯ.

ಬೆಟ್ಟದ ಬುಡದ ಕಡಿದಾದ ಇಳಿಜಾರಿನಲ್ಲಿ ಮಾಡತಕ್ಕದ್ದು ಸಮಮಟ್ಟದ ಕಂದಕಗಳನ್ನು. ಹನ್ನೆರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಕಂದಕವೊಂದು ಹಿಡಿಯುವ ನೀರು ಸುಮಾರು 1,360 ಲೀಟರು. ಎಕರೆಗೆ ಇಂಥ ಇಪ್ಪತ್ತನ್ನು ತೆಗೆದರೆ ಒಂದು ಸಲ ತುಂಬಿದಾಗ 27,000 ಲೀಟರು, ಎಂದರೆ ಒಂದು ಅಂಗುಲದ ಮಳೆಯ ಕಾಲುಪಾಲಿಗೂ ಹೆಚ್ಚು ಅಲ್ಲಿಯೇ ನಿಂತಂತಾಯಿತು. ಒಂದು ಸಾಲಿನ ಕಂದಕಗಳ ನಡುವಣ ಸಂದಿಗೆ ಕೆಳಸಾಲಿನ ಕಂದಕ ಎದುರಾಗುವಂತೆ, ಗೋಡೆಗೆ ಇಟ್ಟಿಗೆ ಇಡುವ ಕ್ರಮದಲ್ಲಿ, ಇವನ್ನು ಜೋಡಿಸತಕ್ಕದ್ದು. ಅಗೆದ ಮಣ್ಣನ್ನು ಕೆಳಮಗ್ಗುಲಿಗೆ, ಕಂದಕದ ತುಟಿಯಿಂದ ಒಂದು ಅಡಿ ಬಿಟ್ಟು ಒಡ್ಡಿನಂತೆ ಹಾಕಬೇಕು. ಅಂಚಿಗೇ ಸುರಿದರೆ ಮೊದಲ ಮಳೆಗೇ ಅದು ಮರಳಿ ಕಂದಕಕ್ಕೆ ಕುಸಿಯುವುದು. ಆ ಒಡ್ಡಿನ ಮೇಲೆ ಹುಲ್ಲಿನ ಬೀಜವನ್ನೂ, ಹೊಂಗೆ, ಬೇವು, ಹುಣಸೆಯಂಥ ಈ ನೆಲಕ್ಕೆ ಒಗ್ಗಿದ ಮರಗಳ ಬೀಜವನ್ನೂ ಬಿತ್ತಿ, ಎರಡು ವರ್ಷಗಳ ಕಾಲ ದನಕುರಿಗಳನ್ನು ಅತ್ತ ಬಿಡದಿದ್ದರೆ, ಮಣ್ಣನ್ನು ಹಿಡಿಯುವ ಕೆಲಸವನ್ನು ಬೇರುಗಳೇ ವಹಿಸಿಕೊಳ್ಳುವುವು. ಕಂದಕ ಹತ್ತು ವರ್ಷಕ್ಕೆ ಮುಚ್ಚಿಹೋದರೂ ಆಗ ಚಿಂತೆಯಿಲ್ಲ.

ಸಮಮಟ್ಟವನ್ನು ಕಂಡುಕೊಳ್ಳುವುದಕ್ಕೆ ಇಂಜಿನಿಯರು ಬರಬೇಕೆಂದಿಲ್ಲ. ಮೂರು ಗಳುಗಳನ್ನು ಇಂಗ್ಲಿಷಿನ ‘ಎ’ ಅಕ್ಷರದ ಆಕಾರಕ್ಕೆ ಬಿಗಿದು, ನೆತ್ತಿಯಿಂದ ದಾರಕ್ಕೆ ಒಂದು ಕಲ್ಲು ಕಟ್ಟಿ ಇಳಿಬಿಟ್ಟರೆ ಉಪಕರಣ ಸಿದ್ಧ. ಎರಡು ಗೂಟಗಳ ಮೇಲೆ ಅದರ ಕಾಲುಗಳನ್ನಿಟ್ಟು, ದಾರವು ಅಡ್ಡಗಳುವನ್ನು ಹಾಯುವಲ್ಲಿ ಗೀರು ಹಾಕಿ, ಕಾಲುಗಳನ್ನು ಅದಲುಬದಲು ಮಾಡಿ ಮತ್ತೊಂದು ಗೀರು ಹಾಕಿದರೆ, ಆ ಎರಡು ಗೀರುಗಳ ನಟ್ಟನಡುವಣ ಬಿಂದುವೇ ಸಮಮಟ್ಟದ ಗುರುತು. ಇನ್ನು ಅದನ್ನು ಇಳಿಜಾರಿನಲ್ಲಿ ಕಾಲಿನ ಮೇಲೆ ಕಾಲು ತಿರುಗಿಸುತ್ತ ನಡೆಯಿಸಿ, ದಾರ ಗುರುತಿಗೆ ಬಂದೆಡೆಯಲ್ಲೆಲ್ಲ ಸುಣ್ಣ ಚೆಲ್ಲಿದರೆ, ಹೊಲದ ಮೇಲೆ ಹಾವಿನಂತೆ ಬಳುಕುವ ಒಂದು ಗೆರೆ ಮೂಡುವುದು. ನೀರು ತಾನು ನಿಲ್ಲಲು ಒಪ್ಪುವ ಗೆರೆ ಅದೊಂದೇ.

ಕಂದಕಗಳನ್ನು ತಪ್ಪಿಸಿಕೊಂಡ ನೀರು ಕೊರಕಲುಗಳಲ್ಲಿ ಕೂಡುವುದು. ಅಲ್ಲಿ, ಕೊರಕಲಿನ ತಲೆಯಿಂದ ಮೊದಲುಗೊಂಡು, ಹತ್ತಿರದಲ್ಲೇ ಸಿಗುವ ಕಾಡುಗಲ್ಲುಗಳನ್ನು ಗಾರೆಯಿಲ್ಲದೆ ಒತ್ತಾಗಿ ಜೋಡಿಸಿ ಸಣ್ಣ ಸಣ್ಣ ತಡೆಗಳನ್ನು ಕಟ್ಟತಕ್ಕದ್ದು. ಪ್ರತಿಯೊಂದು ತಡೆಯ ನಡುಭಾಗ ಅಂಚುಗಳಿಗಿಂತ ತಗ್ಗಿರಬೇಕು. ಇಲ್ಲದಿದ್ದರೆ ನೀರು ಪಕ್ಕದ ದಂಡೆಯನ್ನು ಕೊರೆದು ಹೊಸ ದಾರಿ ಮಾಡಿಕೊಳ್ಳುವುದು. ಮೇಲಿನ ತಡೆಯ ಬುಡವೂ ಕೆಳಗಿನ ತಡೆಯ ನೆತ್ತಿಯೂ ಒಂದೇ ಮಟ್ಟದಲ್ಲಿದ್ದರೆ ಅಂತರ ಸರಿಯಾಗಿದೆಯೆಂದು ತಿಳಿಯಬಹುದು. ಇಂಥ ತಡೆ ನೀರನ್ನು ಸಂಪೂರ್ಣವಾಗಿ ಕಟ್ಟಿಹಾಕುವುದಿಲ್ಲ. ಸಂದುಗಳಲ್ಲಿ ನೀರನ್ನು ಬಿಟ್ಟು ಮಣ್ಣನ್ನು ಹಿಡಿದುಕೊಳ್ಳುವುದು. ಕೆಲವು ಮಳೆಗಾಲಗಳಲ್ಲಿ ಕೊರಕಲು ಮೆಟ್ಟಿಲುಮೆಟ್ಟಿಲಾಗಿ ತುಂಬಿಬರುವುದು.

ಅದರ ಕೆಳಗೆ ಹೊಲಗಳು, ಅಲ್ಲಿ ಬದು. ಬದುವಿಗೆ ಎತ್ತರಕ್ಕಿಂತಲೂ ಕೋಡಿ ಮುಖ್ಯ. ಕೆರೆಗೆ ಕೋಡಿಯಿರುವಂತೆ ಪ್ರತಿಯೊಂದು ಬದುವಿಗೂ ಹೆಚ್ಚಿನ ನೀರು ಹಾನಿಯಿಲ್ಲದೆ ಇಳಿದುಹೋಗಲು ಕಲ್ಲುಹಾಸಿನ ಬಾಯಿ ಇರಲೇಬೇಕು. ಅದಿಲ್ಲದಿದ್ದರೆ ಮೇಲಿನ ಒಂದು ಬದು ಒಡೆದಾಗ ಅದರ ನೀರು ಕೆಳಗಿನದನ್ನೊಡೆದು, ಎರಡರ ನೀರೂ ಸೇರಿ ಮೂರನೆಯದನ್ನೊಡೆದು, ಬದುವೇ ಇಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಿನ ಅನರ್ಥವಾಗುವುದು. ಬದುವಿನ ಮೇಲೆ ತೊಗರಿ, ಗೊಬ್ಬರದ ಗಿಡ, ಅಂಚಿನಲ್ಲಿ ಭೂತಾಳೆ ಅಥವಾ ಲಾವಂಚ ಬೆಳೆಸಿ, ಹೊಲವನ್ನು ಇಳಿಜಾರಿಗೆ ಅಡ್ಡಲಾಗಿಯೇ ಉತ್ತರೆ, ಒಂದೊಂದು ನೇಗಿಲಸಾಲೂ ಒಂದು ಕಿರುಬದುವಿನಂತೆ ವರ್ತಿಸುವುದು. ರಾಗಿಯೋ ಶೇಂಗಾವೋ ಹೂವಿಗೆ ಬಂದ ಕಾಲದಲ್ಲಿ ಮಳೆ ಕೈಕೊಟ್ಟಾಗ, ಬೇರಿನಡಿಯ ಹಸಿ ಇನ್ನೊಂದು ವಾರ ಉಳಿಯುವುದೋ ಇಲ್ಲವೋ ಎಂಬುದರ ಮೇಲೆ ಆ ವರ್ಷದ ಸಂಸಾರ ನಿಂತಿರುವುದು. ಬದುವಿನ ಫಲ ಮೊದಲು ದೊರೆಯುವುದು ಇಲ್ಲಿಯೇ. ಅಂತರ್ಜಲದ ಮಾತು ಆ ಮೇಲಿನದು.

ಬದು ದಾಟಿದ ನೀರಿಗೆ ಕೃಷಿಹೊಂಡ, ಅದನ್ನೂ ದಾಟಿದ್ದಕ್ಕೆ ಗೋಕಟ್ಟೆ, ಕುಂಟೆ, ಕಡೆಗೆ ಕೆರೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ರಾಜ್ಯದ ಬಯಲುಸೀಮೆಯಲ್ಲಿ ಹೊಂಡಗಳ ಪ್ರಚಾರ ಬಹಳವಾಯಿತು. ತಳಕ್ಕೆ ಪ್ಲಾಸ್ಟಿಕು ಹಾಸಿದ ಹೊಂಡವು ಬೆಳೆಗೆ ಆಪತ್ಕಾಲದ ಒಂದೆರಡು ತೇವವನ್ನು ಒದಗಿಸುವ ಭಂಡಾರ. ಹಾಸದ ಹೊಂಡವು ನೆಲದೊಳಕ್ಕೆ ತೆರೆದ ಕಿಂಡಿ. ಎರಡಕ್ಕೂ ಪ್ರಯೋಜನವುಂಟು, ಆದರೆ ಪ್ರಯೋಜನಗಳು ಬೇರೆ ಬೇರೆ. ಮೊದಲನೆಯದನ್ನು ತೋಡಿ ಎರಡನೆಯದರ ಫಲವನ್ನು ನಿರೀಕ್ಷಿಸಿದರೆ ಆಶಾಭಂಗವಾಗುವುದು. ಇನ್ನು ಕೆರೆಗೆ ಸೇರಿದ ಹೂಳನ್ನು ಬೇಸಗೆಯಲ್ಲಿ ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಹೊಡೆಯುವ ನಮ್ಮ ಹಿಂದಿನವರ ಪದ್ಧತಿಯಂತೂ, ಇಳಿಜಾರು ಕದ್ದೊಯ್ದ ಮಣ್ಣನ್ನು ಅದರ ಒಡೆಯನಿಗೆ ಹಿಂದಿರುಗಿಸುವ ನ್ಯಾಯ. ಆ ಗೋಡುಮಣ್ಣು ಕೆಮ್ಮಣ್ಣಿನ ಹೊಲಕ್ಕೆ ಬಿದ್ದರೆ ಗೊಬ್ಬರವೂ ಆಯಿತು, ಹಸಿ ಹಿಡಿಯುವ ಶಕ್ತಿಯೂ ಬಂತು.

ಇಷ್ಟು ಸರಳವಾದ ಕೆಲಸ ಏಕೆ ಎಲ್ಲೆಡೆಯೂ ಆಗಲಿಲ್ಲ, ಆದೆಡೆಯಲ್ಲಿ ಏಕೆ ಉಳಿಯಲಿಲ್ಲ ಎಂಬ ಪ್ರಶ್ನೆ ಸಹಜವಾದದ್ದು. ಪ್ರಯತ್ನಗಳು ಕಡಮೆಯಾಗಿಲ್ಲ. ಬಿಜಾಪುರ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ, 1942ರಲ್ಲಿ, ಆ ಪ್ರಾಂತದಲ್ಲಿ ಭೂಸುಧಾರಣೆಗಾಗಿ ಪ್ರತ್ಯೇಕ ಕಾನೂನೊಂದು ಬಂದಿತು. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು-ನೀರುಗಳ ಸಂರಕ್ಷಣೆಗೆ ಕೇಂದ್ರಸರ್ಕಾರದ ಸಂಶೋಧನಾ ಕೇಂದ್ರ ಸ್ಥಾಪಿತವಾಯಿತು. ನೀರನ್ನು ಬೇಗ ಬಿಟ್ಟುಕೊಡದ ಎರೆಭೂಮಿಯಲ್ಲಿ ಸಮಮಟ್ಟದ ಬದುವಿನ ಹಿಂದೆ ನೀರು ನಿಂತು ಬೆಳೆ ಕೊಳೆಯುವುದೆಂದೂ, ಅಲ್ಲಿ ಬದುವಿಗೆ ಸ್ವಲ್ಪ ಇಳಿಜಾರು ಕೊಡಬೇಕೆಂದೂ ಅನುಭವದಿಂದ ತಿಳಿದುಬಂದಿತು. 2001ರಲ್ಲಿ ಮೊದಲಾದ, ವಿಶ್ವಬ್ಯಾಂಕಿನ ನೆರವಿನ ಸುಜಲ ಯೋಜನೆ ತುಮಕೂರೂ ಸೇರಿದಂತೆ ಐದು ಜಿಲ್ಲೆಗಳಲ್ಲಿ ನಡೆಯಿತು. ಉದ್ಯೋಗಖಾತರಿಯ ಕೂಲಿಯಿಂದಲೂ ಅಸಂಖ್ಯಾತ ಬದುಗಳೆದ್ದಿವೆ. ಆದರೂ ಹಲವೆಡೆ, ಯೋಜನೆ ಮುಗಿದ ಕೆಲವು ವರ್ಷಗಳಲ್ಲಿ ಬದುಗಳು ನೇಗಿಲಿಗೆ ಸಿಕ್ಕಿ ಕರಗಿಹೋದುವು.

ಕಾರಣವನ್ನು ರೈತನ ಅಜ್ಞಾನದಲ್ಲಿ ಹುಡುಕುವುದು ಅನ್ಯಾಯ. ಸಮಮಟ್ಟದ ಗೆರೆಯು ಹಾವಿನಂತೆ ಬಳುಕುವುದೆಂದೆನಷ್ಟೆ. ಅದು ಸರ್ವೆ ನಂಬರನ್ನು ಅರಿಯದು. ಒಬ್ಬನ ಹೊಲದ ಮೂಲೆಯನ್ನು ಕತ್ತರಿಸಿ, ಇನ್ನೊಬ್ಬನ ಹೊಲದ ನಡುವೆ ಹಾದು, ಮೂರನೆಯವನ ಅಂಚಿನಲ್ಲಿ ಮುಗಿಯುವುದು. ಉಳುವ ಎತ್ತಿಗೂ ಟ್ರ್ಯಾಕ್ಟರಿಗೂ ಅದು ಅಡ್ಡಿ. ನಾಲ್ಕು ಗುಂಟೆ ನೆಲವನ್ನು ಬದುವಿಗೆ ಬಿಟ್ಟವನು ಒಬ್ಬನಾದರೆ, ಅದರ ಅಡಿಯಲ್ಲಿ ಇಂಗಿದ ನೀರು ಏಳುವುದು ಕೆಳಗಿನ ಮತ್ತೊಬ್ಬನ ಬಾವಿಯಲ್ಲಿ. 1369ರಲ್ಲಿ, ಉತ್ತರ ಪಿನಾಕಿನಿಯ ಕೆಳಗಣ ಕಣಿವೆಯ ಪೋರುಮಾಮಿಳ್ಳದಲ್ಲಿ, ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕೆರೆ ಕಟ್ಟಿಸಿ ನಿಲ್ಲಿಸಿದ ಶಾಸನವು, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಎಣಿಸುವುದು. ಏರಿಯಲ್ಲಿ ನೀರು ಜಿನುಗುವುದು, ನೆಲ ಚೌಳಾಗಿರುವುದು ಮೊದಲಾದ ದೋಷಗಳ ಪಂಕ್ತಿಯಲ್ಲಿ, ಕೆರೆಯು ಎರಡು ರಾಜ್ಯಗಳ ಗಡಿಯ ಮೇಲಿರುವುದನ್ನೂ ಸೇರಿಸಿರುವುದು ಮನನೀಯವಾದದ್ದು. ಆರುನೂರೈವತ್ತು ವರ್ಷಗಳ ಹಿಂದಿನ ಆ ಸೂತ್ರಧಾರನಿಗೆ ಗೊತ್ತಿದ್ದಿತು, ಕಟ್ಟಡದ ದೋಷವನ್ನು ಸುಣ್ಣಗಾರೆಯಿಂದ ಮುಚ್ಚಬಹುದು, ಒಡೆತನದ ದೋಷವನ್ನು ಮುಚ್ಚಲಾಗದೆಂದು. ಇಂದು ನಮ್ಮ ಪ್ರತಿಯೊಂದು ಹೊಲವೂ ಒಂದೊಂದು ರಾಜ್ಯ. ಪ್ರತಿಯೊಂದು ಬದುವೂ ಗಡಿಯ ಮೇಲಿನ ಕೆರೆ.

ಈ ತೊಡಕನ್ನು ಬಿಡಿಸಿಕೊಂಡವರು ಇಲ್ಲದಿಲ್ಲ. ಅರಸೀಕೆರೆ ತಾಲ್ಲೂಕಿನ ಆದಿಹಳ್ಳಿ-ಮೈಲನಹಳ್ಳಿಗಳಲ್ಲಿ ಬೈಫ್ ಸಂಸ್ಥೆಯವರ ನೆರವಿನಿಂದ, ಒಬ್ಬನ ಹೊಂಡದ ಕೋಡಿಯ ನೀರು ಮತ್ತೊಬ್ಬನ ಹೊಂಡಕ್ಕಿಳಿಯುವಂತೆ, ಹೊಲದಿಂದ ಹೊಲಕ್ಕೆ ಹೊಂಡಗಳನ್ನು ಸರಪಳಿಯಾಗಿ ಪೋಣಿಸಿದರು. ರಾಜಸ್ಥಾನದ ಅಲ್ವರ್ ಜಿಲ್ಲೆಯಲ್ಲಿ 1985ರಿಂದೀಚೆಗೆ ರಾಜೇಂದ್ರಸಿಂಹರೂ ಅವರ ಸಂಗಡಿಗರೂ ಹಳ್ಳಿಗರೊಡನೆ ಸೇರಿ ಜೋಹಡವೆಂಬ ಮಣ್ಣಿನ ಕಟ್ಟೆಗಳನ್ನು ಸಾಲುಸಾಲಾಗಿ ಕಟ್ಟಿದ ಬಳಿಕ, ಬತ್ತಿಹೋಗಿದ್ದ ಅರ್ವರಿ ನದಿ ಮತ್ತೆ ಹರಿಯಿತು. ಅನಂತರ ಆ ನದಿಯ ನೀರಿನ ಬಳಕೆಯನ್ನು ನಿರ್ಣಯಿಸಲು ಹಳ್ಳಿಗಳೇ ಒಂದು ಸಂಸತ್ತನ್ನು ಕಟ್ಟಿಕೊಂಡುವು. ಆಫ್ರಿಕದ ಬುರ್ಕಿನಾ ಫಾಸೊ ದೇಶದ ಯಕೂಬ ಸವಡೋಗೊ ಎಂಬ ರೈತನು, ಬೇಸಗೆಯಲ್ಲಿಯೇ ಗಟ್ಟಿನೆಲದಲ್ಲಿ ಮೊಳದಗಲದ ಗುಳಿಗಳನ್ನು ತೋಡಿ ಗೊಬ್ಬರ ತುಂಬಿಡುವ ತನ್ನ ಪೂರ್ವಿಕರ ಪದ್ಧತಿಯನ್ನು ತಿದ್ದಿ ಬೆಳೆಸಿ, ಮರಳುಗಾಡಿನ ಅಂಚಿನಲ್ಲಿ ಧಾನ್ಯವನ್ನೂ ಕಾಡನ್ನೂ ಎಬ್ಬಿಸಿದನು. ಮಳವಳ್ಳಿಯ ಕಡೆಯ ಕುಂದಿನಿಬೆಟ್ಟದಲ್ಲಿ ಕುರಿ ಕಾಯುತ್ತ ಕಟ್ಟೆಗಳನ್ನು ತೋಡಿದ ಕಾಮೇಗೌಡರನ್ನು ನಮ್ಮ ನಾಡು ಬಲ್ಲದು. ಇವರಲ್ಲಿ ಯಾರೂ ಹೊಸ ಯಂತ್ರವನ್ನು ಕಂಡುಹಿಡಿಯಲಿಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಹೇಳದಿದ್ದರೆ ವಿಚಾರ ಅಪೂರ್ಣವಾದೀತು. ಮೇಲಿನವರು ಪ್ರತಿಯೊಂದು ಹನಿಯನ್ನೂ ತಡೆದು, ಇಂಗಿದ್ದನ್ನೆಲ್ಲ ಕೊಳವೆಬಾವಿಯಿಂದ ಹೊರಗೆಳೆದು ಅಡಿಕೆತೋಟ ಮಾಡಿದರೆ, ಕೆಳಗಿನ ಕೆರೆಗೆ ಕೋಡಿಯ ನೀರೂ ಇಲ್ಲ, ಒರತೆಯ ನೀರೂ ಇಲ್ಲ. ಮಣ್ಣುಗೆಲಸದಿಂದ ಮಳೆ ಹೆಚ್ಚುವುದಿಲ್ಲ. ಬಿದ್ದ ಮಳೆ ನೆಲದಲ್ಲಿ ಉಳಿಯುವ ಕಾಲ ಮಾತ್ರ ಹೆಚ್ಚುವುದು. ಹಾಗೆ ಉಳಿದದ್ದನ್ನು ಹಂಚಿಕೊಳ್ಳುವ ನಿಯಮವಿಲ್ಲದಿದ್ದರೆ ಬದುವೂ ಪಂದ್ಯದ ಮತ್ತೊಂದು ಸಾಧನವಾದೀತು. ಬೋರಿನ ನೀರು ಯಾರದೆಂದು ಕೇಳಿದರೆ ಕೊರೆಸಿದವನದೆಂದು ಉತ್ತರ ಬರುವುದು. ತಲಪರಿಗೆಯ ನೀರು ಯಾರದೆಂದು ಕೇಳಿದರೆ ಸರದಿ ಬಂದವನದು. ಎರಡು ಉತ್ತರಗಳ ನಡುವಣ ಅಂತರವೇ ಈ ಸೀಮೆ ಕಳೆದ ಅರ್ಧಶತಮಾನದಲ್ಲಿ ಜಾರಿದ ದೂರ.

2021-22ರಲ್ಲಿ ಮಳೆ ಧಾರಾಳವಾಗಿ ಸುರಿದು ಜಯಮಂಗಲಿ ಮೈದುಂಬಿ ಹರಿದಳು, ಬಹುಕಾಲದಿಂದ ಬರಿದಾಗಿದ್ದ ಕೆರೆಗಳು ಕೋಡಿಬಿದ್ದುವು. ಅದರ ಬೆನ್ನಿಗೇ, 2023ರಲ್ಲಿ, ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುವು. ಪ್ರವಾಹದ ವರ್ಷದ ನೀರನ್ನು ಬರದ ವರ್ಷಕ್ಕೆ ದಾಟಿಸಬಲ್ಲ ಉಗ್ರಾಣ ಬೆಟ್ಟದ ಬುಡದ ಆ ಗರಸಿನ ಪದರವೊಂದೇ. ಅಲ್ಲಿ ಬಿಸಿಲು ನೀರನ್ನು ಕದಿಯಲಾರದು. ಅದರ ಬಾಗಿಲು ಇರುವುದು ಮೇಲೆ, ಇಳಿಜಾರಿನಲ್ಲಿ. ನಾವು ಬೀಗ ತೆಗೆಯಲು ಹೊರಟದ್ದು ಕೆಳಗೆ, ಸಾವಿರ ಅಡಿಯಲ್ಲಿ.

ವರ್ಷಕ್ಕೊಮ್ಮೆ ಮನೆಗೊಂದು ಆಳಿನಂತೆ ಹೊರಟು ತಲಪರಿಗೆಯ ಹೂಳೆತ್ತುವ ವಾಡಿಕೆ ಇನ್ನೂ ನೆನಪಿರುವ ಊರುಗಳು ಈ ಸೀಮೆಯಲ್ಲಿವೆ. ಆ ದಿವಸ ಗುದ್ದಲಿ ಬುಟ್ಟಿ ಹಿಡಿದ ಜನ ಒರತೆಯ ಬಳಿ ಕೆಲಸ ಮುಗಿಸಿ ಮನೆಗೆ ಮರಳುವುದರ ಬದಲು, ಒರತೆಗೆ ನೀರು ಬರುವ ದಿಕ್ಕನ್ನೇ ಹಿಡಿದು, ಹೊಲಗಳ ಬದುಗಳ ಕೋಡಿಯನ್ನು ಸರಿಪಡಿಸುತ್ತ, ಕೊರಕಲಿನ ಜಾರಿದ ಕಲ್ಲನ್ನು ಮತ್ತೆ ಎತ್ತಿಡುತ್ತ, ಬೆಟ್ಟದ ಬುಡದ ಕಂದಕಗಳವರೆಗೆ ಏರಿಹೋಗುವುದಾದರೆ, ಹೊಸ ಸಂಘವಾಗಲಿ ಹೊಸ ಕಾನೂನಾಗಲಿ ಬೇಕಾಗದು. ಹಳೆಯ ವಾಡಿಕೆಯೇ ಒಂದು ಮೈಲಿ ಮೇಲಕ್ಕೆ ನಡೆದಂತಾಗುವುದು. ಕೆಲಸ ಫಲಿಸಿತೋ ಇಲ್ಲವೋ ಎಂದು ಅಳೆಯಲು ಅಧಿಕಾರಿಗಳು ಬರಬೇಕಾದದ್ದೂ ಇಲ್ಲ. ಬರುವ ಶಿವರಾತ್ರಿ ಕಳೆದ ಮೇಲೆ ತಲಪರಿಗೆಗೆ ಇಳಿದು, ತಳದ ಮರಳಿನಲ್ಲಿ ಅಂಗೈ ಊರಿ ನೋಡಿದರೆ ಸಾಕು. ಬೆರಳ ಸಂದುಗಳಲ್ಲಿ ತಣ್ಣಗೆ ಒಸರುವುದೇನಾದರೂ ಇದ್ದರೆ, ಅದು ಹೇಳುವುದು.